ಇಲ್ಲದ ಹೆಣದ ಮೇಲೊಂದು ಜಗಳ

"ಕಡೇಗೆ ಅವನನ್ನ ಸುಟ್ರಾ?"

ಅಪ್ಪ ಕೇಳಿದ್ದು ಇಷ್ಟೇ. ದೀಪಾವಳಿ ರಜಕ್ಕೆ ಭದ್ರಾವತಿಗೆ ಹೋಗಿದ್ದೆ. ಭಾನುವಾರ ಶಿವಮೊಗ್ಗದಲ್ಲಿ ಗೆಳೆಯರೆಲ್ಲ ಸೇರಿ 'ಸಂಸ್ಕಾರ' ಕಾದಂಬರಿ ಬಗ್ಗೆ ಮಾತಾಡೋದು ಅಂತ ಆಗಿತ್ತು. ಅದಕ್ಕೇ ಮೂರನೇ ಸಲ ಓದ್ತಾ ಜಗಲಿ ಮೇಲೆ ಕೂತಿದ್ದೆ. ಅಪ್ಪ ಪೇಪರ್ ಫ್ಯಾಕ್ಟರಿಯಲ್ಲಿ ದುಡಿದವರು. ಜೀವನವೆಲ್ಲ ಕಾಗದ ಮಾಡಿದ ಮನುಷ್ಯ, ಓದೋದು ಮಾತ್ರ ದಿನಪತ್ರಿಕೆ. ಈ ಕಥೆಯನ್ನ ಅವರು ಯಾವತ್ತೋ ಟಿ.ವಿ.ಯಲ್ಲಿ ಅರ್ಧ ಸಿನಿಮಾ ನೋಡಿದ್ದರಂತೆ, ಅಷ್ಟರಲ್ಲಿ ಕರೆಂಟ್ ಹೋಯ್ತಂತೆ.

"ಹೂಂ, ಸುಟ್ರು" ಅಂದೆ.

"ಯಾರು?"

ನಾನು ಬಾಯಿ ತೆರೆದವಳು ಹಾಗೇ ನಿಂತೆ. ಎರಡು ಸಲ ಓದಿದ ಪುಸ್ತಕ. ಪ್ರಾಣೇಶಾಚಾರ್ಯರ ಧರ್ಮಸಂಕಟದ ಮೇಲೆ ಅರ್ಧ ಗಂಟೆ ಬೇಕಾದ್ರೂ ಮಾತಾಡ್ತಿದ್ದೆ. ಮಾರುತಿ ಗುಡಿಯಲ್ಲಿ ದೇವರು ಹೂ ಕೊಡದೇ ಹೋದದ್ದು, ಕಾಡಿನ ಕತ್ತಲು, ಚಂದ್ರಿಯ ಮಡಿಲಿನ ಬಾಳೆಹಣ್ಣು, ಎಲ್ಲಾ ನೆನಪಿದೆ. ಹೆಣ ಸುಟ್ಟವನ ಹೆಸರು ಮಾತ್ರ ಪುಟ ತಿರುವಿ ಹುಡುಕಬೇಕಾಯ್ತು. ಈ ಲೇಖನ ಹುಟ್ಟಿದ್ದು ಆ ನಾಚಿಕೆಯಿಂದ.

ಓದದವರಿಗಾಗಿ ಕಥೆ ಚುಟುಕಾಗಿ. ಯು. ಆರ್. ಅನಂತಮೂರ್ತಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ, 1965ರಲ್ಲಿ, ಬರೆದ ಕಾದಂಬರಿ ಇದು. ಮಲೆನಾಡಿನ ದೂರ್ವಾಸಪುರ ಅನ್ನೋ ಮಾಧ್ವರ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಶಿವಮೊಗ್ಗಕ್ಕೆ ಹೋಗಿ ಬಂದವನು ಜ್ವರದಲ್ಲಿ ಮಲಗಿ ಎದ್ದಿಲ್ಲ. ಬದುಕಿದ್ದಾಗ ಅವನು ಮಾಡದ ಭಾನಗಡಿ ಇಲ್ಲ. ಸಾಲಿಗ್ರಾಮ ಹೊಳೆಗೆ ಎಸೆದ, ಮುಸ್ಲಿಮರ ಜೊತೆ ಸೇರಿ ದೇವರ ಮೀನು ಹಿಡಿದ, ಕುಡಿದ, ಮಾಂಸ ತಿಂದ, ಚಂದ್ರಿಯನ್ನ ತಂದು ಮನೆಯಲ್ಲಿಟ್ಟುಕೊಂಡ. ಈಗ ಅವನ ಸಂಸ್ಕಾರ ಯಾರು ಮಾಡಬೇಕು? ಹೆಣ ಏಳುವ ತನಕ ಅಗ್ರಹಾರದಲ್ಲಿ ಒಲೆ ಹಚ್ಚೋ ಹಾಗಿಲ್ಲ, ಪೂಜೆ ಮಾಡೋ ಹಾಗಿಲ್ಲ. ಎಲ್ಲರೂ ಪಂಡಿತ ಪ್ರಾಣೇಶಾಚಾರ್ಯರ ಮುಖ ನೋಡ್ತಾರೆ. ಆಚಾರ್ಯರು ತಾಳೆಗರಿ ನೋಡ್ತಾರೆ. ಉತ್ತರ ಸಿಗೋದಿಲ್ಲ.

ಇದನ್ನ ಸಾಮಾನ್ಯವಾಗಿ ನಾವು ಒಬ್ಬ ಪಂಡಿತನ ಒಳಗಿನ ಕಥೆಯಾಗಿ ಓದ್ತೀವಿ. ನನಗೂ ಕಾಲೇಜಿನಲ್ಲಿ ಹಾಗೇ ಓದಿ ಅಭ್ಯಾಸ. ಈ ಸಲ ಮಾತ್ರ, ಅಪ್ಪನ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡು ಓದಿದಾಗ, ಅದೊಂದು ಊರಿನ ಪಾರ್ಟಿ ಜಗಳದ ಕಥೆಯಾಗಿ ಕಾಣಿಸ್ತು.

ಮೊದಲು ಊರು ಹೇಗೆ ಒಡೆದಿದೆ ನೋಡಿ. ಒಂದು ಕಡೆ ದೂರ್ವಾಸಪುರದ ಮಾಧ್ವರು. ಪಕ್ಕದಲ್ಲೇ ಪಾರಿಜಾತಪುರದ ಸ್ಮಾರ್ತರು, ಇವರ ಕಣ್ಣಲ್ಲಿ ಒಂದು ಮೆಟ್ಟಿಲು ಕೆಳಗೆ. ನಾರಣಪ್ಪನಿಗೆ ಸ್ನೇಹ ಇದ್ದದ್ದು ಆ ಊರಿನವರ ಜೊತೆ, ಅಲ್ಲಿನ ನಾಟಕದ ಹುಡುಗರಿಗೆ ಅವನೇ ಹೀರೋ. ಇನ್ನು ಅಗ್ರಹಾರದ ಒಳಗೆ ಗರುಡಾಚಾರ್ಯ ಮತ್ತು ಲಕ್ಷ್ಮಣಾಚಾರ್ಯ. ಇಬ್ಬರಿಗೂ ಸತ್ತವನ ಜೊತೆ ನಂಟಿದೆ, ಇಬ್ಬರಿಗೂ ಅವನ ಮೇಲೆ ಹಳೇ ಸಿಟ್ಟಿದೆ. ಮೊದಲ ಪುಟಗಳಲ್ಲಿ ಇಬ್ಬರೂ 'ನನಗೆ ಬೇಡ, ಅವನಿಗೆ ಸೇರಿದ್ದು' ಅಂತ ಹೆಣವನ್ನ ಒಬ್ಬರ ಮೇಲೊಬ್ಬರು ತಳ್ತಾರೆ. ಆಗ ಚಂದ್ರಿ ತನ್ನ ಮೈಮೇಲಿನ ಬಂಗಾರ ಬಿಚ್ಚಿ, ಸಂಸ್ಕಾರದ ಖರ್ಚಿಗೆ ಅಂತ ಆಚಾರ್ಯರ ಮುಂದೆ ಇಡ್ತಾಳೆ. ಅಲ್ಲಿಂದ ಆಟ ತಿರುಗುತ್ತೆ. ಬಂಗಾರ ಕಂಡ ಮೇಲೆ ಇಬ್ಬರ ಮನೆಯಲ್ಲೂ ಲೆಕ್ಕಾಚಾರ ಶುರು. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ಆಚಾರ್ಯರ ಹತ್ತಿರ ಬಂದು, ಶಾಸ್ತ್ರ ಒಪ್ಪಿದರೆ ತಾವೇ ಮಾಡಬಹುದು ಅಂತ ಸೂಚಿಸ್ತಾರೆ. ಬೇಡವಾಗಿದ್ದ ಹೆಣ ಈಗ ಇಬ್ಬರಿಗೂ ಬೇಕು. ಆದ್ರೆ ಅದಕ್ಕಿಂತ ಹೆಚ್ಚಾಗಿ, ಇನ್ನೊಬ್ಬನಿಗೆ ಸಿಗಬಾರದು.

ಆಫೀಸಿನಲ್ಲಿ ಕೆಲಸ ಮಾಡುವ ನಮಗೆ ಇದನ್ನ ವಿವರಿಸಬೇಕಾಗಿಲ್ಲ. ಬಿಟ್ಟು ಹೋದವನ ಪ್ರಾಜೆಕ್ಟ್ ಎರಡು ಟೀಮಿಗೂ ಬೇಡ. ಅದಕ್ಕೆ ಬಜೆಟ್ ಇದೆ ಅಂತ ಗೊತ್ತಾದ ಮಾರನೇ ದಿನ ಇಬ್ಬರು ಮ್ಯಾನೇಜರೂ ಬೇರೆಬೇರೆಯಾಗಿ ಬಾಸ್ ಕ್ಯಾಬಿನ್ನಿಗೆ ಹೋಗಿರ್ತಾರೆ.

ಇಲ್ಲಿ ಒಂದು ಪ್ರಶ್ನೆ. ಇಷ್ಟೆಲ್ಲಾ ಮಾಡಿದ ನಾರಣಪ್ಪನನ್ನ ಬದುಕಿದ್ದಾಗಲೇ ಯಾಕೆ ಜಾತಿಯಿಂದ ಹೊರಗೆ ಹಾಕಲಿಲ್ಲ? ಹಾಕಿದ್ದರೆ ಈ ಸಮಸ್ಯೆಯೇ ಇರ್ತಿರಲಿಲ್ಲ. ಕಾದಂಬರಿ ಕೊಡುವ ಕಾರಣ ಬಹಳ ಲೌಕಿಕವಾದದ್ದು. ಬಹಿಷ್ಕಾರ ಹಾಕಿದ್ರೆ ಮುಸ್ಲಿಮನಾಗ್ತೀನಿ ಅಂತ ಅವನು ಹೆದರಿಸಿದ್ದ. ಆದರೂ ಮನೆ ಅಲ್ಲೇ ಇರುತ್ತೆ, ಕಾನೂನಿನ ಪ್ರಕಾರ ಎಬ್ಬಿಸೋಕೆ ಆಗಲ್ಲ. ಅಂದ್ರೆ ಅಗ್ರಹಾರದ ನಡುವೆ ಒಬ್ಬ ಮುಸ್ಲಿಂ! ಅದಕ್ಕಿಂತ ಕೆಟ್ಟ ಬ್ರಾಹ್ಮಣನೇ ವಾಸಿ. ಹಾಗಾಗಿ ಅವನನ್ನ ಹೊರಗೂ ಹಾಕಲಿಲ್ಲ, ಒಳಗೂ ಸೇರಿಸಿಕೊಳ್ಳಲಿಲ್ಲ. ಅವನ ಮನೆಗೆ ಯಾರೂ ಹೋಗಲ್ಲ, ಅವನ ವಿಷಯ ಮಾತಾಡದ ದಿನವೂ ಇಲ್ಲ.

ನನಗೆ ಇದು ಈ ಕಾದಂಬರಿಯ ಅತ್ಯಂತ ನಿಜವಾದ ಜಾಗ ಅನ್ಸುತ್ತೆ. ಒಡೆದ ಊರಿಗೆ ಬಹಿಷ್ಕೃತನೊಬ್ಬ ಬೇಕೇ ಬೇಕು. ಗರುಡನಿಗೂ ಲಕ್ಷ್ಮಣನಿಗೂ ಬೇರೆ ಯಾವುದರಲ್ಲೂ ಒಮ್ಮತ ಇಲ್ಲ, ನಾರಣಪ್ಪ ಕೆಟ್ಟವನು ಅನ್ನೋದರಲ್ಲಿ ಮಾತ್ರ ಇದೆ. ಊರನ್ನ ಊರಾಗಿ ಕಟ್ಟಿ ಹಾಕಿರೋ ಕಟ್ಟಕಡೆಯ ಹಗ್ಗ ಅವನು.

ನನಗಿದು ಹೇಗೆ ಗೊತ್ತು ಅಂದ್ರೆ, ನಮ್ಮನೆಯಲ್ಲೂ ಒಬ್ಬರು ಹಾಗಿದ್ದರು.

ಅಜ್ಜನ ಊರು ಭದ್ರಾವತಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ನಾಲೆ ಬದಿಯಲ್ಲಿ. ಹೆಸರು ಬೇಡ. ನಮ್ಮದು ಅಗ್ರಹಾರ ಅಲ್ಲ, ಕೋಳಿ ಕುರಿ ತಿನ್ನೋ ಜನ, ಗದ್ದೆ ಕೆಲಸದವರು. ಅಜ್ಜನ ತಮ್ಮ, ನಾವು ಚಿಕ್ಕಜ್ಜ ಅಂತ ಕರೀತಿದ್ವಿ, ಬೇರೆ ಜಾತಿಯ ಹೆಂಗಸಿನ ಜೊತೆ ಸಂಸಾರ ಮಾಡಿದರು. ಊರಲ್ಲಿ ಯಾರೂ ಡಂಗುರ ಹೊಡೆದು ಬಹಿಷ್ಕಾರ ಅಂತ ಸಾರಲಿಲ್ಲ. ಮಾರಿಹಬ್ಬಕ್ಕೆ ಮನೆಮನೆಯಿಂದ ವಂತಿಗೆ ಎತ್ತುವಾಗ ಅವರ ಮನೆ ಮುಂದೆ ನಿಲ್ಲಲಿಲ್ಲ, ಅಷ್ಟೇ. ವಂತಿಗೆ ತಗೊಳ್ಳಲಿಲ್ಲ ಅಂದ್ರೆ ಊರಿನ ಲೆಕ್ಕದಲ್ಲಿ ಆ ಮನೆ ಇಲ್ಲ. ಇವತ್ತು ಹೇಳದೇ ಕೇಳದೇ ವಾಟ್ಸಾಪ್ ಗ್ರೂಪಿಂದ ತೆಗೆದು ಹಾಕೋ ಹಾಗೆ.

ಊರಲ್ಲಿ ಎರಡು ಪಾರ್ಟಿ, ಮೇಲಿನ ಬೀದಿ ಮತ್ತು ಕೆಳಗಿನ ಬೀದಿ. ಪಂಚಾಯ್ತಿ ಎಲೆಕ್ಷನ್ ಬಂದ್ರೆ ಮೇಲಿನವರು ಜಾತಿ ಕೆಡಿಸಿದವನ ಕಡೆಯವರು ಅಂತ ಕೆಳಗಿನವರನ್ನ ಹಂಗಿಸೋರು. ಕೆಳಗಿನವರು ಅವನು ನಮ್ಮವನೇ ಅಲ್ಲ ಅಂತ ಆಣೆ ಮಾಡೋರು. ರಾತ್ರಿ ಆದ್ಮೇಲೆ ಎರಡೂ ಕಡೆಯವರು ಬೇರೆಬೇರೆ ಹೊತ್ತಲ್ಲಿ ಹೋಗಿ ಓಟು ಕೇಳೋರು. ಚಿಕ್ಕಜ್ಜ ಇಬ್ಬರಿಗೂ ಕಾಫಿ ಮಾಡಿಸಿ ಕೊಡ್ತಿದ್ದರಂತೆ. ಕತ್ತಲಲ್ಲಿ ಕುಡೀತಿದ್ದರಂತೆ ಕೂಡ.

ಅವರು ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಬೆಳಗ್ಗೆ ಹೋದ ಜೀವ, ಸಂಜೆ ತನಕ ಹೆಣ ಅಂಗಳದಲ್ಲೇ. ನಾವು ಮುಟ್ಟಿದ್ರೆ ಅವರು ಆಡಿಕೊಳ್ತಾರೆ ಅಂತ ಇವರು, ಇವರು ಮುಟ್ಟಲಿ ನೋಡೋಣ ಅಂತ ಅವರು. ನಾಲೆ ಬದಿಯ ಎರಡು ಎಕರೆ ಗದ್ದೆ ಯಾರಿಗೆ ಅನ್ನೋ ಮಾತು ಮಾತ್ರ ಮಧ್ಯಾಹ್ನದ ಹೊತ್ತಿಗೇ ಎದ್ದಿತ್ತು. ಅಪ್ಪ ಫ್ಯಾಕ್ಟರಿಗೆ ರಜ ಹಾಕಿ ಬಂದಿದ್ದರು. ಬೇಲಿ ಹತ್ತಿರ ಕೈಕಟ್ಟಿ ನಿಂತಿದ್ದರು. ಒಳಗೆ ಹೋಗಲಿಲ್ಲ. ಕಡೆಗೆ ಹೆಣ ಎತ್ತಿದ್ದು ಕಬ್ಬು ಕಡಿಯೋಕೆ ಹೊರಗಿನಿಂದ ಬಂದಿದ್ದ ನಾಲ್ಕು ಜನ ಆಳುಗಳು. ಅವರ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಆ ಹೆಂಗಸಿನ ಹೆಸರನ್ನೂ ನಮ್ಮನೆಯಲ್ಲಿ ಯಾರೂ ಹಿಡಿದು ಕರೆದದ್ದು ನಾನು ಕೇಳಿಲ್ಲ.

ಮತ್ತೆ ಕಾದಂಬರಿಗೆ ಬರ್ತೀನಿ. ದೂರ್ವಾಸಪುರದಲ್ಲಿ ಹೆಣ ಸುಟ್ಟದ್ದು ಯಾರು? ಕಾಡಿನ ಆ ರಾತ್ರಿಯ ನಂತರ ಚಂದ್ರಿ ಆಚಾರ್ಯರಿಗಾಗಿ ಕಾಯೋದಿಲ್ಲ. ಗಾಡಿ ಹೊಡೆಯುವ ಶೇಷಪ್ಪನನ್ನ ಕೇಳ್ತಾಳೆ. ಬ್ರಾಹ್ಮಣನ ಹೆಣ ಮುಟ್ಟಿ ಪಾಪ ಕಟ್ಟಿಕೊಳ್ಳೋಕೆ ಅವನು ಒಪ್ಪಲ್ಲ. ಆಮೇಲೆ ಮೀನು ವ್ಯಾಪಾರದ ಅಹಮದ್ ಬ್ಯಾರಿ ಹತ್ತಿರ ಹೋಗ್ತಾಳೆ. ಕಷ್ಟದಲ್ಲಿದ್ದಾಗ ಎತ್ತು ಕೊಳ್ಳೋಕೆ ನಾರಣಪ್ಪ ದುಡ್ಡು ಕೊಟ್ಟಿದ್ದ ಅನ್ನೋ ಋಣ ಅವನದು. ಗಾಡಿ ತರ್ತಾನೆ, ಸೌದೆ ಹೇರ್ತಾನೆ, ಯಾರಿಗೂ ಗೊತ್ತಾಗದ ಹಾಗೆ ರಾತ್ರೋರಾತ್ರಿ ಸುಟ್ಟು ಬರ್ತಾನೆ. ಚಂದ್ರಿ ಕುಂದಾಪುರದ ದಾರಿ ಹಿಡೀತಾಳೆ. ಕೆಲಸ ಮುಗೀತು. ತಾಳೆಗರಿಯಲ್ಲಿ ಸಿಗದ ಉತ್ತರ ಒಂದು ಎತ್ತಿನ ಗಾಡಿಯಲ್ಲಿ ಸಿಕ್ತು.

ಈಗ ನೋಡಿ ತಮಾಷೆ. ಇದು ಆಗೋದು ಕಾದಂಬರಿಯ ನಡುಭಾಗದಲ್ಲಿ. ಊರಿನವರಿಗೆ ಮಾತ್ರ ಗೊತ್ತೇ ಆಗಲ್ಲ. ಇದಾದ ಮೇಲೂ ಬ್ರಾಹ್ಮಣರು ಊರೂರು ಅಲೀತಾರೆ, ಕೈಮರದ ಪಂಡಿತರನ್ನ ಕೇಳ್ತಾರೆ, ಮಠಕ್ಕೆ ಹೋಗ್ತಾರೆ. ಅಲ್ಲಿ ಸ್ವಾಮಿಗಳು ನಾರಣಪ್ಪನ ಆಸ್ತಿ, ಬಂಗಾರ ಎಲ್ಲ ಕೃಷ್ಣನಿಗೆ ಸೇರಬೇಕು ಅಂತಾರೆ, ಅಂದ್ರೆ ಮೂರನೇ ಪಾರ್ಟಿಯೂ ಬಂತು. ಬಾಗಿಲು ತೆಗೆದು ಆ ಮನೆಯೊಳಗೆ ಹೆಣ ಇದೆಯಾ ಅಂತ ಹೀಗೆ ಅಲೆಯೋರಲ್ಲಿ ಒಬ್ಬನೂ ನೋಡಲ್ಲ. ಅರ್ಧ ಕಾದಂಬರಿ ನಡೆಯೋದು ಇಲ್ಲದ ಹೆಣದ ಮೇಲೆ.

ನನ್ನ ಓದಿನಲ್ಲಿ ಇಡೀ ಪುಸ್ತಕದ ಕೀಲಿ ಇಲ್ಲಿದೆ. ಜಗಳಕ್ಕೆ ನಾರಣಪ್ಪ ಬೇಕಾಗಿರಲಿಲ್ಲ, ಅವನ ಹೆಣವೂ ಬೇಕಾಗಿರಲಿಲ್ಲ. ಬೇಕಾಗಿದ್ದು ಅವನ ಹೆಸರು ಮಾತ್ರ. ಹೊರಗಿಟ್ಟವನನ್ನ ಹತ್ತಿರದಿಂದ ಹೋಗಿ ನೋಡಿಬಿಟ್ರೆ ಜಗಳ ಮುಗಿದು ಹೋಗುತ್ತೆ. ಅದಕ್ಕೇ ಜಗಳ ಆಡೋರು ಯಾರೂ ನೋಡಲ್ಲ.

ನೋಡದೇ ಇದ್ದದ್ದಕ್ಕೆ ಬೆಲೆಯನ್ನೂ ಕಾದಂಬರಿ ತೋರಿಸುತ್ತೆ. ಶಿವಮೊಗ್ಗದಿಂದ ನಾರಣಪ್ಪನ ಜೊತೆ ಬಂದದ್ದು ಪ್ಲೇಗು. ಅಗ್ರಹಾರದವರು ಹೆಣದ ಶಾಪ ಅಂದುಕೊಳ್ತಾರೆ. ಮನೆಗಳಲ್ಲಿ ಇಲಿ ಬೀಳ್ತಾ ಇವೆ, ಹದ್ದು ಮಾಡಿನ ಮೇಲೆ ಕೂತಿವೆ. ಪ್ಲೇಗು ಅಂತ ಮೊದಲು ಗುರುತಿಸೋದು ಪತ್ರಿಕೆ ಓದೋ ಅಭ್ಯಾಸ ಇರೋ ಪಾರಿಜಾತಪುರದ ಮಂಜಯ್ಯ, ಅಂದ್ರೆ ಆಚೆ ಪಾರ್ಟಿಯವನು. ಅವನಿಗೂ ಮುಂಚೆ ಹೊಲೆಯರ ಕೇರಿಯಲ್ಲಿ ಜನ ಸತ್ತಿದ್ದರು, ಗುಡಿಸಲು ಸಮೇತ ಸುಟ್ಟಿದ್ದರು. ಬೆಳ್ಳಿ ಅನ್ನೋ ಹುಡುಗಿ ತನ್ನ ಕೇರಿಯಲ್ಲಿ ಆಗ್ತಿರೋದನ್ನ ಶ್ರೀಪತಿಗೆ ಹೇಳೋಕೆ ಹೋಗ್ತಾಳೆ. ಅವನಿಗೆ ಅವಳ ಮೈ ಬೇಕು, ಮಾತು ಬೇಡ. ಆ ಒಂದು ಮಾತನ್ನ ಕಿವಿಗೆ ಹಾಕಿಕೊಂಡಿದ್ದರೆ ದಾಸಾಚಾರ್ಯನಂಥ ಬಡಪಾಯಿಗಳು ಬದುಕುತ್ತಿದ್ದರೇನೋ. ಹಸಿವು ತಡೀಲಾರದೆ ಮಂಜಯ್ಯನ ಮನೆಯಲ್ಲಿ ಕದ್ದು ಉಪ್ಪಿಟ್ಟು ತಿಂದ ದಾಸಾಚಾರ್ಯ ಒಬ್ಬನೇ ಈ ಊರಲ್ಲಿ ಗೋಡೆ ದಾಟಿದವನು ಅಂತ ನನಗೆ ಅವನ ಮೇಲೆ ಪ್ರೀತಿ.

ಭಾನುವಾರ ಶಿವಮೊಗ್ಗಕ್ಕೆ ಹೋದೆ. ತುಂಗೆಯಿಂದ ಸ್ವಲ್ಪ ದೂರದ ಒಂದು ಮನೆಯ ಮಹಡಿ ಮೇಲೆ ಹದಿನೈದು ಜನ. ಬ್ಯಾಂಕಿನವರು, ಟೀಚರುಗಳು, ನನ್ನ ಥರ ಬೆಂಗಳೂರಿನಿಂದ ರಜಕ್ಕೆ ಬಂದವರು. ಎರಡು ಗಂಟೆ ಚರ್ಚೆ, ಬಹಳ ಚೆನ್ನಾಗಿಯೇ ಆಯ್ತು. ಒಬ್ಬರು ಅಸ್ತಿತ್ವವಾದ ಅಂದರು. ಇನ್ನೊಬ್ಬರು ಎ. ಕೆ. ರಾಮಾನುಜನ್ ಅವರ 1976ರ ಇಂಗ್ಲಿಷ್ ಅನುವಾದದ ವಿಷಯ ತೆಗೆದರು. ವಿ. ಎಸ್. ನೈಪಾಲ್ 1977ರ ತಮ್ಮ ಪುಸ್ತಕದಲ್ಲಿ ಈ ಕಥೆಯನ್ನೇ ಹಿಡಿದು, ಭಾರತೀಯರು ತಮ್ಮೊಳಗೇ ಮುಳುಗಿರೋ ಜನ ಅಂತ ವಾದ ಮಾಡಿದ್ದೂ ಬಂತು. ಎಲ್ಲರ ಮಾತೂ ಆಚಾರ್ಯರ ಸುತ್ತ. ಆಚಾರ್ಯ ಮಾಡಿದ್ದು ಸರಿಯಾ, ಕೊನೆಗೆ ಗಾಡಿ ಹತ್ತಿ ದೂರ್ವಾಸಪುರಕ್ಕೆ ವಾಪಸ್ ಹೋಗಿ ಅವನು ಏನು ಹೇಳ್ತಾನೆ?

ಮುಗಿಯೋ ಹೊತ್ತಿಗೆ ನಾನು ಅಪ್ಪನ ಪ್ರಶ್ನೆ ಕೇಳಿದೆ, ಹೆಣ ಸುಟ್ಟದ್ದು ಯಾರು? ಹದಿನೈದು ಜನರಲ್ಲಿ ಮೂವರಿಗೆ ಹೆಸರು ನೆನಪಿತ್ತು. ಇದನ್ನ ಅವರನ್ನ ಹಂಗಿಸೋಕೆ ಹೇಳ್ತಿಲ್ಲ, ನಾನೂ ಅದೇ ಬೆಂಚಿನವಳು. ನೈಪಾಲರ ಓದಿಗೂ ನನ್ನ ತಕರಾರು ಇದೇ. ಪುಸ್ತಕದಲ್ಲಿ ತನ್ನೊಳಗೇ ಮುಳುಗದ ಇಬ್ಬರು ಇದ್ದಾರೆ. ಒಬ್ಬಳು ಚಂದ್ರಿ, ಒಬ್ಬ ಬ್ಯಾರಿ. ಇಬ್ಬರೂ ಎದುರಿಗಿದ್ದ ಕೆಲಸ ನೋಡಿದರು, ಮಾಡಿದರು. ಅವರನ್ನ ಲೆಕ್ಕಕ್ಕೆ ತಗೊಳ್ಳದೆ ಭಾರತೀಯರು ಹೀಗೆ ಅಂತ ತೀರ್ಪು ಕೊಡೋದು, ವಂತಿಗೆ ಎತ್ತುವಾಗ ಎರಡು ಮನೆ ಬಿಟ್ಟು ಊರಿನ ಲೆಕ್ಕ ಬರೆದ ಹಾಗೆ.

ಹಾಗಂತ ತಪ್ಪೆಲ್ಲ ಓದುಗರದಾ? ಇಲ್ಲ. ಕಾದಂಬರಿಯದೂ ಪಾಲಿದೆ. ಪ್ರಾಣೇಶಾಚಾರ್ಯರಿಗೆ ಪುಟಗಟ್ಟಲೆ ಮನಸ್ಸು ಕೊಟ್ಟ ಲೇಖಕ, ಬ್ಯಾರಿಗೆ ಕೊಟ್ಟದ್ದು ಒಂದು ಋಣ, ಒಂದು ಗಾಡಿ. ಸುಡೋವಾಗ ಅವನಿಗೆ ಏನನ್ಸಿತು, ಸಿಕ್ಕಿಬಿದ್ದರೆ ಏನಾಗ್ತಿತ್ತು ಅಂತ ಹೆದರಿದನಾ, ಅದೆಲ್ಲಾ ಇಲ್ಲ. ಬೆಳ್ಳಿಯ ಕಥೆ ಇನ್ನೂ ಕಷ್ಟ. ಅವಳು ನಮಗೆ ಕಾಣೋದೇ ಅವಳನ್ನ ಬಯಸುವ ಬ್ರಾಹ್ಮಣ ಗಂಡಸರ ಕಣ್ಣಿಂದ. ಬಾಲ್ಯದಲ್ಲಿ ತಮ್ಮ ಊರ ಕಡೆ ಕಂಡ ಪ್ಲೇಗಿನ ನೆನಪು ಈ ಕಾದಂಬರಿಯ ಒಂದು ಬೇರು ಅಂತ ಅನಂತಮೂರ್ತಿಯವರೇ ಹೇಳಿಕೊಂಡಿದ್ದರು. ಆ ಬೇರು ಕೇರಿಯಲ್ಲಿತ್ತು, ಗಿಡ ಮಾತ್ರ ಅಗ್ರಹಾರದ ಅಂಗಳದಲ್ಲಿ ಬೆಳೀತು. ಕೇರಿಯ ಒಳಗಿನಿಂದ ಬರೆಯೋಕೆ ಕನ್ನಡಕ್ಕೆ ದೇವನೂರ ಮಹಾದೇವ ಬರಬೇಕಾಯ್ತು.

ಆದ್ರೂ ನಾನು ಈ ಪುಸ್ತಕವನ್ನ ಕೆಳಗಿಡಲ್ಲ. ಅಗ್ರಹಾರದಿಂದ ಅದನ್ನ ಮುಚ್ಚಿಟ್ಟ ಲೇಖಕ, ಓದುಗರಿಂದ ಮುಚ್ಚಿಡಲಿಲ್ಲ. ಬ್ಯಾರಿಯ ಗಾಡಿ ಹೋದದ್ದನ್ನ ನಮಗೆ ತೋರಿಸಿದ. ಆಮೇಲೂ ನಾವು ಅಗ್ರಹಾರದವರ ಜೊತೆಯೇ ಸೇರಿಕೊಂಡು ಸಂಸ್ಕಾರ ಯಾರು ಮಾಡಬೇಕು ಅಂತ ತಲೆ ಕೆಡಿಸಿಕೊಳ್ತೀವಲ್ಲ, ಅದು ಈ ಪುಸ್ತಕ ಓದುಗರಿಗೆ ಇಟ್ಟ ಪರೀಕ್ಷೆ. ನಾನು ಎರಡು ಸಲ ಫೇಲಾದೆ.

ಸಿನಿಮಾದ ವಿಷಯ ಒಂದು ಮಾತು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಆ ಚಿತ್ರದಲ್ಲಿ ಗಿರೀಶ್ ಕಾರ್ನಾಡ್ ಆಚಾರ್ಯ, ಸ್ನೇಹಲತಾ ರೆಡ್ಡಿ ಚಂದ್ರಿ. ನಾರಣಪ್ಪನಾಗಿ ಪಿ. ಲಂಕೇಶ್, ನಮ್ಮ ಶಿವಮೊಗ್ಗ ತಾಲೂಕಿನ ಕೊನಗವಳ್ಳಿಯವರು. ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ಚಿತ್ರಕ್ಕೆ ಅನುಮತಿ ಕೊಡಲಿಲ್ಲ. ಆಮೇಲೆ ಬಿಡುಗಡೆಯಾಗಿ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯೂ ಬಂತು. ಹೊರಗೆ ನಿಲ್ಲಿಸಿದವರೇ ಆಮೇಲೆ ನಮ್ಮದು ಅಂತ ಹೊತ್ತು ಮೆರೆಸೋದು ಇಲ್ಲೂ ತಪ್ಪಲಿಲ್ಲ. ಚಂದ್ರಿಯಾದ ಸ್ನೇಹಲತಾ ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದರು, ಕಾಯಿಲೆ ಬಿದ್ದು ಹೊರಗೆ ಬಂದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡರು. ಇದನ್ನ ತಿಳಿದ ಮೇಲೆ ಆ ಚಂದ್ರಿ ಬಂಗಾರ ಬಿಚ್ಚಿಡೋ ದೃಶ್ಯವನ್ನ ಮೊದಲಿನ ಹಾಗೆ ನೋಡೋಕಾಗಲ್ಲ.

ಶಿವಮೊಗ್ಗದಿಂದ ಭದ್ರಾವತಿ ಬಸ್ಸು ಹತ್ತಿದಾಗ ಕತ್ತಲಾಗಿತ್ತು. ದಾರಿಯುದ್ದಕ್ಕೂ 2020, 21ರ ಕೊರೊನಾ ದಿನಗಳು ನೆನಪಾದವು. ಎಷ್ಟೋ ಕಡೆ ಮನೆಯವರೇ ಹತ್ತಿರ ಹೋಗದ ಹೆಣಗಳನ್ನ ಗುರುತಿಲ್ಲದ ಸ್ವಯಂಸೇವಕರು ಎತ್ತಿ ಸುಟ್ಟರು, ಹೂತರು. ಅವರಲ್ಲಿ ಮುಸ್ಲಿಂ ಹುಡುಗರೂ ಬೇಕಾದಷ್ಟು ಇದ್ದರು. ನಾವು ಸ್ಟೇಟಸ್ ಹಾಕಿ ಕೈ ಮುಗಿದ್ವಿ. ಒಂದು ವರ್ಷ ಆದ್ಮೇಲೆ ಮತ್ತೆ ನಮ್ಮ ನಮ್ಮ ಬೀದಿಗೆ ವಾಪಸ್ ಬಂದ್ವಿ. ಅವರ ಹೆಸರು ಕೇಳಿದ್ರೆ ನನಗೆ ಒಂದೂ ಗೊತ್ತಿಲ್ಲ.

ಮನೆಯಲ್ಲಿ ಅಪ್ಪ ಊಟಕ್ಕೆ ಕಾಯ್ತಾ ಇದ್ದರು. ತಟ್ಟೆ ಮುಂದೆ ಕೂತು ಕಥೆ ಪೂರ್ತಿ ಹೇಳಿದೆ. ಬ್ಯಾರಿ ಬಂದದ್ದು, ಸೌದೆ ಹೇರಿದ್ದು, ರಾತ್ರಿಯೇ ಸುಟ್ಟದ್ದು, ಊರವರಿಗೆ ಗೊತ್ತೇ ಆಗದ್ದು. ಅಪ್ಪ ಅನ್ನ ಕಲಸ್ತಾ ಕೇಳಿದರು. ಚಿಕ್ಕಜ್ಜನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು.

"ಆ ಬ್ಯಾರಿಗೆ ಆಮೇಲೆ ಏನಾಯ್ತು ಪುಟ್ಟಿ?"

"ಅದು ಪುಸ್ತಕದಲ್ಲಿ ಇಲ್ಲ ಅಪ್ಪ."

"ಇರಲ್ಲ ಬಿಡು" ಅಂದರು. ಆಮೇಲೆ ಕೈ ತೊಳೆಯೋಕೆ ಎದ್ದವರು ಬಾಗಿಲ ಹತ್ತಿರ ನಿಂತು, "ನಾಲ್ಕು ಜನ ಅಲ್ಲ, ಐದು ಜನ ಇದ್ರು" ಅಂದರು. "ಒಬ್ಬ ಮುಂದೆ ಬೆಂಕಿ ಹಿಡ್ಕೊಂಡು ಹೋದ."